ಸ್ವಾಮಿ ಎಂದು ಕರೆದ ಮೇಲೆ



ವೃಶ್ಚಿಕ ಮಾಸಕ್ಕೆ ಇನ್ನು ಮೂರು ವಾರವಿದೆ. ಅಹಮದಾಬಾದ್, ವಡೋದರ, ಸೂರತ್ ಮೂರೂ ಊರುಗಳಿಂದ ಮಾಲೆ ಹಾಕುವವರ ಹೆಸರುಗಳು ಬರುತ್ತಿವೆ. ಈ ವಾರ ಇರುಮುಡಿಯ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಅದಕ್ಕೆ ಮೊದಲು ಉತ್ತರ ಕೊಡಬೇಕಾದ ಪ್ರಶ್ನೆಯೊಂದು ಬಂದಿದೆ.

ಅಹಮದಾಬಾದಿನಲ್ಲಿರುವ ನಮ್ಮ ಸ್ವಾಮಿಯೊಬ್ಬರು, ಬಾಗಲಕೋಟೆ ಕಡೆಯವರು, ಫೋನ್ ಮಾಡಿದ್ದರು. ಮಗನಿಗೆ ಹದಿನಾಲ್ಕು ವರ್ಷ. ಆಟಿಸಂ ಇದೆ. ಮಾತು ಬಹಳ ಕಡಿಮೆ. ಬೇಕಾದದ್ದನ್ನು ಮೊಬೈಲಿನಲ್ಲಿ ಚಿತ್ರ ಮುಟ್ಟಿ ತೋರಿಸುತ್ತಾನೆ. ಅವರು ಎರಡು ಪ್ರಶ್ನೆ ಕೇಳಿದರು. "ಗುರುಸ್ವಾಮಿ, ಇವಗ ಮಾಲೆ ಹಾಕಬಹುದೇನ್ರಿ?" ಇದು ಮೊದಲನೆಯದು. ಎರಡನೆಯದನ್ನು ಸ್ವಲ್ಪ ತಡೆದು ಕೇಳಿದರು: "ಮೂರು ವರ್ಷ ಬೆಟ್ಟ ಹತ್ತಿಸಿದ್ರ ಮಾತು ಬರ್ತಾವ ಅಂತ ಒಬ್ಬರು ಹೇಳ್ಯಾರ. ಖರೇ ಏನ್ರಿ?"

ಮಾಲೆ ಹಾಕಬಹುದು ಎಂದು ಆಗಲೇ ಹೇಳಿದೆ. ಎರಡನೆಯದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿದರೆ ಸಾಲದು. ಜೊತೆಗೆ, ಅವರ ಒಪ್ಪಿಗೆ ಪಡೆದು ಈ ಪ್ರಶ್ನೆಯನ್ನು ಹೆಸರಿಲ್ಲದೆ ನಮ್ಮ ಗುಂಪಿನಲ್ಲಿ ಇಟ್ಟಾಗ ಕೆಲವು ಯುವ ಸ್ವಾಮಿಗಳು, "ವ್ರತ ಅಂದರೇನು ಎಂದು ತಿಳಿಯದವರಿಗೆ ಮಾಲೆ ಹಾಕಿದರೆ ಅಪಚಾರ ಆಗುವುದಿಲ್ಲವೇ?" ಎಂದು ಬರೆದರು. ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ವ್ರತದ ಮೇಲಿನ ಭಯಭಕ್ತಿಯಿಂದ ಬರೆದದ್ದು. ಹಾಗಾಗಿ ಉತ್ತರವನ್ನೂ ನಮ್ಮ ಕಥೆಗಳಿಂದಲೇ, ನಮ್ಮ ಸನ್ನಿಧಾನದಿಂದಲೇ ಹುಡುಕೋಣ.

ಪಂದಳದ ಅರಮನೆಯಲ್ಲಿ ಬೆಳೆದ ಮಣಿಕಂಠ ಗುರುಕುಲದಲ್ಲಿ ಓದು ಮುಗಿಸಿದ. ಗುರುವಿಗೆ ಒಬ್ಬ ಮಗ. ಆ ಮಗನಿಗೆ ಕಣ್ಣು ಕಾಣುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ದಕ್ಷಿಣೆ ಏನು ಕೊಡಲಿ ಎಂದು ಮಣಿಕಂಠ ಕೇಳಿದಾಗ ಗುರುಗಳು ಚಿನ್ನ ಕೇಳಲಿಲ್ಲ, ಭೂಮಿ ಕೇಳಲಿಲ್ಲ. ನನ್ನ ಮಗನಿಗೆ ದೃಷ್ಟಿ ಕೊಡು, ಮಾತು ಕೊಡು ಎಂದರು. ಮಣಿಕಂಠ ಆ ಹುಡುಗನ ಮೇಲೆ ಕೈಯಿಟ್ಟ. ಅವನಿಗೆ ಕಣ್ಣು ಬಂತು, ಮಾತು ಬಂತು. ಈ ಕಥೆ ನಿಮಗೆಲ್ಲ ಗೊತ್ತು. ಪ್ರತಿ ಪಡಿಪೂಜೆಯಲ್ಲೂ ಯಾರಾದರೂ ಒಬ್ಬರು ಹೇಳುತ್ತಾರೆ. ಬಾಗಲಕೋಟೆ ಸ್ವಾಮಿಗಳಿಗೆ ಯಾರೋ ಮೂರು ವರ್ಷದ ಲೆಕ್ಕ ಹೇಳಿದ್ದಾರಲ್ಲ, ಅದರ ಬೇರು ಇರುವುದೂ ಇಲ್ಲೇ.

ಈಗ ಇದೇ ಕಥೆಯನ್ನು ಬೇರೆ ಕಡೆ ಕೂತು ಕೇಳಿದವರೊಬ್ಬರ ಮಾತು ಹೇಳುತ್ತೇನೆ. ವಡೋದರದ ನಮ್ಮ ತಂಡದಲ್ಲಿ ಹುಟ್ಟಿನಿಂದ ಕಿವಿ ಕೇಳದ ಯುವಕರೊಬ್ಬರಿದ್ದಾರೆ. ಕರ್ನಾಟಕದಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಈಗ ಮಕರಪುರದಲ್ಲಿ ಯಂತ್ರದ ಮುಂದೆ ಕೆಲಸ. ಹೆಂಡತಿಯೂ ಕಿವಿ ಕೇಳದವರೇ. ಮನೆಯಲ್ಲಿ ಸಂಜ್ಞೆಯ ಭಾಷೆ. ಆ ಮನೆಯಲ್ಲಿ ನಡೆಯುವಷ್ಟು ಮಾತು, ನಗು, ಜಗಳ ನನ್ನ ಮನೆಯಲ್ಲೂ ನಡೆಯುವುದಿಲ್ಲ. ಒಂದು ವರ್ಷ ಭಜನೆಗೆ ಹೊರಗಿನಿಂದ ಬಂದ ಪ್ರವಚನಕಾರರು ಈ ಗುರುಪುತ್ರನ ಕಥೆ ಹೇಳಿದರು. ಮುಗಿದ ಮೇಲೆ ಈ ಸ್ವಾಮಿ ತಮ್ಮ ಮೊಬೈಲಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ನನಗೆ ತೋರಿಸಿದರು: "ಯಾವ ಕಥೆ ನಡೀತಾ ಇದೆ ಅಂತ ನನಗೆ ಕೇಳಿಸಲ್ಲ. ಆದರೆ ಮೂಗನ ಕಥೆ ಬಂದಾಗ ಗೊತ್ತಾಗುತ್ತೆ. ಎಲ್ಲರೂ ಒಂದೇ ಸಲ ನನ್ನ ಕಡೆ ತಿರುಗ್ತಾರೆ."

ನಾನು ಓದಿ ಮೊಬೈಲ್ ವಾಪಸು ಕೊಡುವ ಮೊದಲೇ ಇನ್ನೊಂದು ಸಾಲು ಬರೆದರು: "ನನಗೆ ಮಾತು ಇಲ್ಲ ಅಂತ ಯಾರು ಹೇಳಿದ್ದು? ನಿಮಗೆ ನನ್ನ ಭಾಷೆ ಬರಲ್ಲ ಅಷ್ಟೆ."

ಈ ಎರಡು ಸಾಲನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಕಥೆಗೆ ಬನ್ನಿ.

ಕಥೆಯಲ್ಲಿ ನಾವು ಹೇಳದೆ ಬಿಡುವ ಒಂದು ತುಂಡಿದೆ. ಗುರುಪುತ್ರನಿಗೆ ಮಾತು ಬಂದ ಮೇಲೆ ಮಣಿಕಂಠ ಗುರುವಿನಲ್ಲಿ ಒಂದು ವಿನಂತಿ ಮಾಡಿಕೊಳ್ಳುತ್ತಾನೆ: ಇದನ್ನು ಯಾರಿಗೂ ಹೇಳಬೇಡಿ. ಹನ್ನೆರಡು ವರ್ಷದ ಬಾಲಕನ ವಿನಯ ಎಂದು ಇದನ್ನು ವಿವರಿಸುವವರಿದ್ದಾರೆ. ತಪ್ಪೇನಿಲ್ಲ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಇದು ಊರಿಗೆಲ್ಲ ಗೊತ್ತಾದರೆ ಮರುದಿನದಿಂದ ಏನಾಗುತ್ತದೆ ಎಂದು ಸ್ವಾಮಿಗೆ ತಿಳಿಯದೇ? ಪಂದಳದ ಪ್ರತಿ ತಾಯಿಯೂ ಮಗುವನ್ನು ಎತ್ತಿಕೊಂಡು ಅರಮನೆ ಬಾಗಿಲಿಗೆ ಬರುತ್ತಾಳೆ. ವಾಸಿಯಾದವನು ಭಕ್ತ, ವಾಸಿಯಾಗದವನು ಪಾಪಿ ಎಂಬ ಲೆಕ್ಕ ಶುರುವಾಗುತ್ತದೆ. ಸ್ವಾಮಿ ಅದನ್ನು ಒಂದು ಮನೆಯೊಳಗಿನ ಕರುಣೆಯಾಗಿ ಇಟ್ಟ. ನಾವು ಅದನ್ನು ಮೈಕಿನಲ್ಲಿ ಹೇಳಿ, ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಫಲ ಎಂದು ದರಪಟ್ಟಿ ಮಾಡಿಬಿಟ್ಟೆವು.

ಹಾಗಾದರೆ ಹರಕೆ ಹೊರಬಾರದೇ? ಹೊರಬಹುದು. ಮಗನ ಬಾಯಲ್ಲಿ "ಅಪ್ಪ" ಎಂದು ಕೇಳಬೇಕೆಂಬ ಆಸೆ ತಪ್ಪು ಎಂದು ಹೇಳಲು ನಾನ್ಯಾರು? ಆ ಆಸೆಯನ್ನು ಸ್ವಾಮಿಯ ಮುಂದೆ ಇಡದೆ ಇನ್ನೆಲ್ಲಿ ಇಡಬೇಕು? ಆದರೆ ಅಪ್ಪನ ಹರಕೆಯ ಭಾರ ಮಗನ ತಲೆಯ ಮೇಲೆ ಕೂರಬಾರದು. ಮೂರು ವರ್ಷ ಬೆಟ್ಟ ಹತ್ತಿ ಬಂದ ಮೇಲೂ ಅವನು ಮೊಬೈಲಿನ ಚಿತ್ರ ಮುಟ್ಟಿಯೇ ನೀರು ಕೇಳಿದ ಎಂದಿಟ್ಟುಕೊಳ್ಳಿ. ಆಗ ಆ ಹುಡುಗ ಮನೆಯವರ ಕಣ್ಣಿಗೆ ಸೋತವನ ಹಾಗೆ ಕಾಣಬೇಕೇ? ಸ್ಪೀಚ್ ಥೆರಪಿಗೆ ಹೋಗುತ್ತಿದ್ದರೆ ಅದು ನಡೆಯಲಿ. ಮಾಲೆ ಅದಕ್ಕೆ ಬದಲಿಯಲ್ಲ. ಯಾವ ಗುರುಸ್ವಾಮಿಯೂ ಇಂತಿಷ್ಟು ವರ್ಷಕ್ಕೆ ಮಾತು ಬರುತ್ತದೆ ಎಂದು ಭರವಸೆ ಕೊಡುವ ಹಾಗಿಲ್ಲ. ಕೊಟ್ಟವರು ಸ್ವಾಮಿಯ ಹೆಸರಿನಲ್ಲಿ ಸಹಿ ಹಾಕಿದ ಹಾಗೆ.

ಇನ್ನು ಕರ್ಮದ ಮಾತು. ಇದನ್ನು ಬೇಗ ಮುಗಿಸುತ್ತೇನೆ, ಹೆಚ್ಚು ಹೊತ್ತು ನಿಲ್ಲುವ ಜಾಗವಲ್ಲ ಇದು. "ಪೂರ್ವಜನ್ಮದ ಕರ್ಮ" ಎಂದು ಇಂಥ ಮಕ್ಕಳ ತಾಯಂದಿರ ಮುಂದೆಯೇ ಹೇಳುವವರಿದ್ದಾರೆ. ಕರ್ಮ ಸಿದ್ಧಾಂತ ಇರುವುದು ನಾನು ನಾಳೆ ಏನು ಮಾಡಬೇಕು ಎಂದು ನನ್ನನ್ನು ಎಚ್ಚರಿಸಲಿಕ್ಕೆ. ಎದುರಿನವರ ಮೈ ನೋಡಿ ಅವರ ಹಿಂದಿನ ಜನ್ಮ ಓದಲಿಕ್ಕೆ ಯಾವ ಆಚಾರ್ಯರೂ ನಮಗೆ ಅಧಿಕಾರ ಕೊಟ್ಟಿಲ್ಲ. ಅಷ್ಟಾವಕ್ರನ ಕಥೆಯಲ್ಲೇ ನೋಡಿ. ಅವನ ಮೈ ಎಂಟು ಕಡೆ ಬಾಗಿದ್ದು ಅವನ ಕರ್ಮದಿಂದ ಎಂದು ಮಹಾಭಾರತದ ವನಪರ್ವ ಹೇಳುವುದಿಲ್ಲ. ಗರ್ಭದಲ್ಲಿದ್ದ ಮಗು ವೇದಪಾಠದ ತಪ್ಪು ತೋರಿಸಿತೆಂದು ತಂದೆ ಕಹೋಡ ಸಿಟ್ಟಿನಿಂದ ಶಪಿಸಿದ. ಸಿಟ್ಟು ತಂದೆಯದು, ತಪ್ಪು ತಂದೆಯದು. ಮೈ ಮಾತ್ರ ಮಗನದು.

ಅಷ್ಟಾವಕ್ರನ ಹೆಸರು ಬಂತಲ್ಲ, ಇಲ್ಲಿ ಸ್ವಲ್ಪ ಕೂರೋಣ. ಯಾಕೆಂದರೆ ನಮ್ಮ ಸನ್ನಿಧಾನಕ್ಕೂ ಈ ಹುಡುಗನಿಗೂ ಒಂದು ನಂಟಿದೆ. ಹೆಚ್ಚು ಜನ ಗಮನಿಸಿಲ್ಲ.

ಹದಿನೆಂಟು ಮೆಟ್ಟಿಲು ಹತ್ತಿ ಮೇಲೆ ಹೋದಾಗ ಕಾಣುವ ಮಾತು ಯಾವುದು? ತತ್ ತ್ವಮ್ ಅಸಿ. ಅದೇ ನೀನು. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಋಷಿ ತನ್ನ ಮಗ ಶ್ವೇತಕೇತುವಿಗೆ ಹೇಳಿದ ಮಾತು. ಒಂದು ಸಲ ಹೇಳಿ ಬಿಡಲಿಲ್ಲ. ಆಲದ ಹಣ್ಣು ಒಡೆಸಿ, ನೀರಿಗೆ ಉಪ್ಪು ಹಾಕಿಸಿ, ಒಂಬತ್ತು ಸಲ ತಿರುತಿರುಗಿ ಹೇಳಿದ. ಈಗ ವನಪರ್ವಕ್ಕೆ ಬನ್ನಿ. ಕಹೋಡ ಇದೇ ಉದ್ದಾಲಕನ ಶಿಷ್ಯ ಮತ್ತು ಅಳಿಯ. ಅವನು ಜನಕನ ಸಭೆಯಲ್ಲಿ ವಾದದಲ್ಲಿ ಸೋತು ನೀರುಪಾಲಾದ ಮೇಲೆ, ಅಷ್ಟಾವಕ್ರ ಹುಟ್ಟಿ ಬೆಳೆದದ್ದು ತಾತ ಉದ್ದಾಲಕನ ಆಶ್ರಮದಲ್ಲಿ. ಶ್ವೇತಕೇತು ಅವನಿಗೆ ಸೋದರಮಾವ, ಆದರೆ ಓರಗೆಯವನು. ತಾತನನ್ನೇ ತಂದೆ ಎಂದುಕೊಂಡಿದ್ದ ಅಷ್ಟಾವಕ್ರ ಹನ್ನೆರಡನೆಯ ವಯಸ್ಸಿನಲ್ಲಿ ಒಂದು ದಿನ ಉದ್ದಾಲಕನ ತೊಡೆಯ ಮೇಲೆ ಕೂತಿದ್ದ. ಶ್ವೇತಕೇತು ಬಂದು ಕೈಹಿಡಿದು ಎಳೆದು ಕೆಳಗಿಳಿಸಿದ. ಇದು ನಿನ್ನ ಅಪ್ಪನ ತೊಡೆಯಲ್ಲ ಎಂದ. ಹುಡುಗ ಅಳುತ್ತ ತಾಯಿಯ ಹತ್ತಿರ ಓಡಿದ.

ನೋಡಿ ಸ್ವಾಮಿ, ತತ್ ತ್ವಮ್ ಅಸಿ ಎಂಬ ಉಪದೇಶ ಯಾರ ಹೆಸರಿನಲ್ಲಿ ನಮಗೆ ಬಂದಿದೆಯೋ, ಅದೇ ಶ್ವೇತಕೇತುವಿನ ಹೆಸರಿನಲ್ಲಿ ಈ ಕಥೆಯೂ ಇದೆ. ಎಂಟು ಕಡೆ ಬಾಗಿದ ಹುಡುಗನನ್ನು ತೊಡೆಯಿಂದ ಎಳೆದವನಿಗೇ ಅದನ್ನು ಒಂಬತ್ತು ಸಲ ಹೇಳಬೇಕಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ಎರಡು ಗ್ರಂಥಗಳನ್ನು ಹೀಗೆ ಪಕ್ಕಪಕ್ಕ ಇಡುವುದು ನನ್ನ ಓದು, ಯಾವ ಭಾಷ್ಯಕಾರರದ್ದೂ ಅಲ್ಲ. ಒಪ್ಪದವರು ಬಿಡಬಹುದು. ಆದರೆ "ಇದು ನಿನ್ನ ಜಾಗವಲ್ಲ" ಎಂಬ ಮಾತು ಎಷ್ಟು ಹಳೆಯದು ಎನ್ನುವುದನ್ನು ಮಾತ್ರ ಗಮನಿಸಿ. ಶಾಲೆಯಲ್ಲಿ ಸೀಟಿಲ್ಲ, ಮದುವೆ ಮನೆಯಲ್ಲಿ ಮುಂದಿನ ಸಾಲು ಬೇಡ, ಭಜನೆಯಲ್ಲಿ ಬಾಗಿಲ ಹತ್ತಿರ ಕೂರಿಸಿ, ಗಲಾಟೆ ಮಾಡಿದರೆ ಹೊರಗೆ ಕರೆದುಕೊಂಡು ಹೋಗಲು ಅನುಕೂಲ. ಎಲ್ಲವೂ ಆ ಕೈ ಎಳೆತವೇ.

ಮುಂದಿನ ಕಥೆ ನಿಮಗೆ ಗೊತ್ತು. ಇಬ್ಬರೂ ಹುಡುಗರು ಜನಕನ ಯಜ್ಞಕ್ಕೆ ಹೋಗುತ್ತಾರೆ. ಹೌದು, ಎಳೆದಿದ್ದ ಶ್ವೇತಕೇತುವೂ ಜೊತೆಯಲ್ಲೇ ಹೋಗುತ್ತಾನೆ! ಬಾಗಿಲಲ್ಲಿ ದ್ವಾರಪಾಲಕ ತಡೆಯುತ್ತಾನೆ. ಅಷ್ಟಾವಕ್ರ ಅಲ್ಲಿಂದಲೇ ವಾದ ಶುರು ಮಾಡಿ ಒಳಗೆ ಹೋಗಿ ಬಂದಿಯನ್ನು ಸೋಲಿಸಿ ತಂದೆಯನ್ನು ಬಿಡಿಸಿಕೊಂಡು ಬರುತ್ತಾನೆ. ಆಮೇಲೆ ಸಮಂಗಾ ನದಿಯಲ್ಲಿ ಮುಳುಗಿ ಎದ್ದಾಗ ಮೈ ನೆಟ್ಟಗಾಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಿ. ಸಭೆ ಗೆದ್ದದ್ದು, ಜನಕ ಕೈಮುಗಿದದ್ದು, ತಂದೆ ಮಗನನ್ನು ಒಪ್ಪಿಕೊಂಡದ್ದು, ಎಲ್ಲ ಆದದ್ದು ಬಾಗಿದ ಮೈಯಲ್ಲೇ. ನದಿ ಕೊನೆಗೆ ಬಂತು. ನದಿ ಬರದೇ ಹೋಗಿದ್ದರೂ ಅವನು ಅಷ್ಟಾವಕ್ರನೇ. ನೆಟ್ಟಗಾದ ಮೇಲೂ ಹೆಸರು ಬದಲಾಗಲಿಲ್ಲ.

"ಅವನಿಗೆ ವ್ರತ ಅರ್ಥವಾಗುತ್ತದೆಯೇ?" ಎಂಬ ಪ್ರಶ್ನೆಗೆ ಬರೋಣ. ನಮ್ಮ ತಂಡದಲ್ಲಿ ಐದು ವರ್ಷದ ಕನ್ನಿ ಸ್ವಾಮಿಗಳು ಬರುತ್ತಾರೆ. ಅಪ್ಪನ ಹೆಗಲ ಮೇಲೆ ನಿದ್ದೆ ಮಾಡುತ್ತ ಅಪ್ಪಾಚಿಮೇಡು ದಾಟುತ್ತಾರೆ. ಸನ್ನಿಧಾನದಲ್ಲಿ ಕೂಸುಗಳಿಗೆ ಅನ್ನಪ್ರಾಶನವನ್ನೂ ಮಾಡಿಸುತ್ತಾರೆ. ಆ ಮಕ್ಕಳಿಗೆ ಬ್ರಹ್ಮಚರ್ಯದ ಅರ್ಥ, ತತ್ ತ್ವಮ್ ಅಸಿಯ ಅರ್ಥ ಗೊತ್ತೇ ಎಂದು ಯಾರೂ ಕೇಳಿಲ್ಲ. ಮುದ್ದಾಗಿದ್ದಾರೆ, ಅಷ್ಟು ಸಾಕು. ಹದಿನಾಲ್ಕು ವರ್ಷದವನು ಕೈ ಅಲ್ಲಾಡಿಸಿದಾಗ, ಒಂದೇ ಸದ್ದನ್ನು ಮತ್ತೆ ಮತ್ತೆ ಮಾಡಿದಾಗ ಮಾತ್ರ ನಮಗೆ ಅರ್ಥದ ಪರೀಕ್ಷೆ ನೆನಪಾಗುತ್ತದೆ. ನಮ್ಮಲ್ಲೇ ಎಷ್ಟು ಜನ ಆ ಪರೀಕ್ಷೆ ಪಾಸಾಗುತ್ತೇವೆ, ಹೇಳಿ. ಉದ್ದಾಲಕ ನೀರಿಗೆ ಉಪ್ಪು ಹಾಕಿಸಿದ್ದು ಯಾಕೆ? ಕರಗಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಮೇಲೆ, ನಡುವೆ, ತಳದಲ್ಲಿ ಎಲ್ಲೆಲ್ಲೂ ಇದೆ. ಮಾತಾಡದ ಹುಡುಗನ ಒಳಗೆ ಏನಿದೆ ಎಂದು ಹೊರಗೆ ನಿಂತು ನೋಡಿ ಇಲ್ಲ ಎನ್ನುವವರು ಆ ಪಾಠದ ದಿನ ಗೈರುಹಾಜರಿದ್ದವರು.

ಅಹಮದಾಬಾದಿನಲ್ಲೇ ಇರುವ ಇನ್ನೊಬ್ಬ ಸ್ವಾಮಿಯ ಮಾತು ಕೇಳಿ. ಸಾಫ್ಟ್‌ವೇರ್ ಕೆಲಸ, ಮೂವತ್ತು ದಾಟಿದೆ. ಎರಡು ವರ್ಷದ ಹಿಂದೆ ಡಾಕ್ಟರು ಆಟಿಸಂ ಎಂದು ಹೇಳಿದರು. ಅಲ್ಲಿಯವರೆಗೆ ಎಲ್ಲರೂ ಇವರನ್ನು ಸೊಕ್ಕಿನವನು, ಬೆರೆಯದವನು ಎಂದುಕೊಂಡಿದ್ದರು. ಮನೆಯವರು ಡಾಕ್ಟರ ಚೀಟಿ ನೋಡಿ ಅತ್ತರಂತೆ. ಇವರಿಗೆ ಮಾತ್ರ ಎದೆ ಹಗುರಾಯಿತಂತೆ. "ನಾನು ಕೆಟ್ಟವನಲ್ಲ, ನನ್ನ ತಲೆ ಕೆಲಸ ಮಾಡೋ ರೀತಿ ಬೇರೆ ಅಂತ ಮೂವತ್ತನೇ ವರ್ಷಕ್ಕೆ ಗೊತ್ತಾಯ್ತು ಗುರುಸ್ವಾಮಿ" ಎಂದರು. ಇವರು ಆರು ವರ್ಷದಿಂದ ಮಾಲೆ ಹಾಕುತ್ತಿದ್ದಾರೆ. ಯಾಕೆ ಎಂದು ಕೇಳಿದಾಗ ಹೇಳಿದ್ದನ್ನು ನಾನು ಮರೆತಿಲ್ಲ. ದಿನಾ ಒಂದೇ ಬಣ್ಣದ ಬಟ್ಟೆ, ಒಂದೇ ಹೊತ್ತಿಗೆ ಸ್ನಾನ, ಒಂದೇ ಬಗೆಯ ಊಟ. ಏನು ಮಾಡಬೇಕು, ಏನು ಮಾಡಬಾರದು ಎನ್ನುವುದು ಸ್ಪಷ್ಟ. ಎದುರಾದವರಿಗೆ "ಸ್ವಾಮಿ ಶರಣಂ" ಎಂದರೆ ಮಾತು ಶುರುವಾಯಿತು, ಮತ್ತೊಮ್ಮೆ "ಸ್ವಾಮಿ ಶರಣಂ" ಎಂದರೆ ಮುಗಿಯಿತು. ಹವಾಮಾನ, ಕ್ರಿಕೆಟ್ ಎಲ್ಲ ಮಾತಾಡಲೇಬೇಕೆಂದಿಲ್ಲ. "ವರ್ಷ ಪೂರ್ತಿ ನಾನು ನಿಮ್ಮ ಹಾಗೆ ಬದುಕೋಕೆ ಒದ್ದಾಡ್ತೀನಿ. ಈ 41 ದಿನ ನೀವೆಲ್ಲ ನನ್ನ ಹಾಗೆ ಬದುಕ್ತೀರಿ." ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ನಿಜ. ನಮಗೆ ಕಷ್ಟ ಎನಿಸುವ ನಿಯಮ ಅವರಿಗೆ ನೆರಳು. ಮಾಲೆ ತೆಗೆದ ಮರುದಿನ ಆಫೀಸಿನಲ್ಲಿ ಮತ್ತೆ ಹಳೆಯ ಒದ್ದಾಟ.

ಒಂದು ಮಾತು ಸೇರಿಸುತ್ತೇನೆ. ಆಟಿಸಂ ಕಾಯಿಲೆಯಲ್ಲ, ಹುಟ್ಟಿನಿಂದ ಬರುವ ಸ್ವಭಾವದ ಭೇದ. ತಂದೆತಾಯಿ ಸಾಕಿದ ರೀತಿಯಿಂದ ಬರುವುದೂ ಅಲ್ಲ. ಕೆಲವರಿಗೆ ಸದ್ದು, ಬೆಳಕು, ಮುಟ್ಟುವುದು ನಮಗಿಂತ ಹತ್ತುಪಟ್ಟು ತೀವ್ರವಾಗಿ ತಟ್ಟುತ್ತದೆ. ನವರಾತ್ರಿಯಲ್ಲಿ ವಡೋದರದ ಗರಬಾ ಮೈದಾನದ ಪಕ್ಕದಲ್ಲಿ ಮನೆಯಿದ್ದವರಿಗೆ ಸ್ಪೀಕರ್ ಎದೆಯೊಳಗೆ ಹೊಡೆಯುವುದು ಗೊತ್ತು. ಉತ್ತರಾಯಣದ ದಿನ ಅಹಮದಾಬಾದಿನ ಮಾಳಿಗೆಗಳ ಮೇಲೆ ಗಾಳಿಪಟದ ಕೂಗು, ಪೀಪಿ, ಹಾಡು. ಆ ಸಂಜೆಯೇ ನಾವು ಮಕರಜ್ಯೋತಿಗೆ ಕಾಯುವುದು. ಆ ಗದ್ದಲದಲ್ಲಿ ಕಿವಿ ಮುಚ್ಚಿ ಮೂಲೆಯಲ್ಲಿ ಕೂತ ಮಗುವಿಗೆ "ಹಬ್ಬದ ದಿನ ಹೀಗೆ ಮಾಡ್ತಾನೆ" ಎಂದು ಬೈದರೆ ಅದು ಏನು ಮಾಡಬೇಕು?

ಸೂರತ್ತಿನ ಸ್ವಾಮಿಯ ಬಗ್ಗೆ ಹಳಬರಿಗೆ ಗೊತ್ತು. ಸೀರೆ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುತ್ತಾರೆ. ಚಿಕ್ಕಂದಿನಲ್ಲಿ ಪೋಲಿಯೊ, ಎರಡು ಊರುಗೋಲು. ಊರಲ್ಲಿ ಅವರ ಹೆಸರಿನ ಮುಂದೆ "ಕುಂಟ" ಇತ್ತು. ಸೂರತ್ತಿಗೆ ಬಂದ ಮೇಲೆ ಅದೇ ಮಾತು ಗುಜರಾತಿಯಲ್ಲಿ "ಲಂಗಡೋ" ಆಯಿತು. 2015ರ ಡಿಸೆಂಬರಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ದಿವ್ಯಾಂಗ ಎಂಬ ಪದ ಹೇಳಿದ ಮೇಲೆ ಕೆಲವರು ಹಾಗೆ ಕರೆದರು. "ನನ್ನ ಕಾಲಲ್ಲಿ ದಿವ್ಯ ಏನೂ ಇಲ್ರಿ, ಪೋಲಿಯೊ ಐತಿ" ಎಂದು ಇವರು ನಗುತ್ತಾರೆ. ಕೆಲವರಿಗೆ ಆ ಪದ ಇಷ್ಟ, ಕೆಲವರಿಗೆ ವಿಕಲಚೇತನ ಎಂಬುದು ಇಷ್ಟ, ಕೆಲವರಿಗೆ ನೇರವಾಗಿ ಅಂಗವಿಕಲ ಎನ್ನುವುದೇ ಸರಿ. ಕೇಳಿ ಕರೆಯಿರಿ. ನಲವತ್ತೊಂದು ದಿನ ಈ ತಾಪತ್ರಯವೇ ಇಲ್ಲ, ಎಲ್ಲರೂ ಸ್ವಾಮಿ. ಡಾಕ್ಟರೂ ಸ್ವಾಮಿ, ಹಮಾಲಿಯೂ ಸ್ವಾಮಿ, ಊರುಗೋಲಿನವರೂ ಸ್ವಾಮಿ. ಎರುಮೇಲಿಯಲ್ಲಿ ವಾವರ ಮಸೀದಿಗೆ ಸುತ್ತು ಬಂದು ಮುಂದೆ ನಡೆಯುವ ಸಂಪ್ರದಾಯ ನಮ್ಮದು. ಒಳಗೆ ಯಾರು, ಹೊರಗೆ ಯಾರು ಎಂಬ ಗೆರೆಯನ್ನು ಅಲ್ಲಿಯೇ ಅಳಿಸಿಕೊಂಡು ಬರುತ್ತೇವೆ.

ಇವರು ಡೋಲಿ ಬೇಡ ಎನ್ನುತ್ತಾರೆ. ಪಂಪೆಯಿಂದ ಸನ್ನಿಧಾನಕ್ಕೆ ಐದು ಕಿಲೋಮೀಟರ್ ಹತ್ತಿರ. ನೀಲಿಮಲೆಯ ಏರು ಎಂಥದ್ದು ಎಂದು ಎರಡು ಕಾಲು ಗಟ್ಟಿ ಇರುವವರ ತೊಡೆಯನ್ನು ಕೇಳಿ. ಇವರು ಬಿಸಿಲು ಇಳಿದ ಮೇಲೆ ಹೊರಡುತ್ತಾರೆ, ರಾತ್ರಿಯಿಡೀ ಕೂತು ಕೂತು ಹತ್ತುತ್ತಾರೆ. ಮೊದಲ ವರ್ಷ ಯಾರೋ ಹುಡುಗರು ಪ್ರೀತಿಯಿಂದ ಅವರ ಇರುಮುಡಿ ತೆಗೆದುಕೊಳ್ಳಲು ಹೋದಾಗ ಗದರಿಬಿಟ್ಟರು: "ನನ್ನ ಮುಡಿ ನಾನೇ ಹೊರ್ತೀನಿ. ನಿಮಗ ಸೇವಾ ಮಾಡಬೇಕಂದ್ರ ಮುಂದ ಹೋಗಿ ಒದ್ದೆ ಮೆಟ್ಟಿಲು ಎಲ್ಲದಾವ ಹೇಳ್ರಿ." ಇರುಮುಡಿ ಇಲ್ಲದವರಿಗೆ ಹದಿನೆಂಟು ಮೆಟ್ಟಿಲಿಲ್ಲ ಎಂಬ ನಿಯಮ ನಿಮಗೆ ಗೊತ್ತೇ ಇದೆ. ಮುಡಿ ಕಸಿದುಕೊಂಡರೆ ಮೆಟ್ಟಿಲನ್ನೂ ಕಸಿದುಕೊಂಡ ಹಾಗೆ. ಮೆಟ್ಟಿಲ ಮೇಲೆ ಮಾತ್ರ ಇಕ್ಕೆಲದಲ್ಲಿ ನಿಂತ ಪೊಲೀಸರು ಇವರನ್ನೂ ಎತ್ತುತ್ತಾರೆ, ನನ್ನನ್ನೂ ಎತ್ತುತ್ತಾರೆ. ಅಲ್ಲಿ ಯಾರೂ ತಮ್ಮ ಕಾಲಿನ ಮೇಲೆ ಹತ್ತುವುದಿಲ್ಲ.

ಹಾಗೆಂದು ಡೋಲಿಯಲ್ಲಿ ಹೋಗುವವರದು ಕಡಿಮೆ ಭಕ್ತಿ ಎಂದು ತಿಳಿಯಬೇಡಿ. ಸೂರತ್ ಸ್ವಾಮಿಯನ್ನು ತೋರಿಸಿ "ನೋಡು, ಅವರೇ ಹತ್ತುತ್ತಾರೆ" ಎಂದು ಇನ್ನೊಬ್ಬರಿಗೆ ಹೇಳುವ ಚಾಳಿ ನಮ್ಮಲ್ಲಿದೆ. ನಿಲ್ಲಿಸಿ. ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗ ಎರಡು ವರ್ಷದ ಹಿಂದೆ ನಮ್ಮ ಜೊತೆ ಡೋಲಿಯಲ್ಲೇ ಬಂದಿದ್ದ. ಮನೆಯಲ್ಲಿ ಅವನು ಕೂರುವ ಕುರ್ಚಿಗೆ ಬೆಲ್ಟ್ ಇದೆ, ಜಾರದಂತೆ ಮಂಡಿ ಮತ್ತು ಸೊಂಟಕ್ಕೆ ಕಟ್ಟುತ್ತಾರೆ. ದರ್ಶನವಾಗಿ ಹೊರಗೆ ಬಂದ ಮೇಲೆ ಅಪ್ಪನಿಗೆ ತೊದಲುತ್ತ ಹೇಳಿದ: "ಸ್ವಾಮಿಗೂ ಬೆಲ್ಟ್ ಕಟ್ಟಿದಾರೆ." ಯೋಗಪಟ್ಟ! ನಾವು ಅಷ್ಟು ವರ್ಷ ನೋಡುತ್ತ ಬಂದ ಮೂರ್ತಿ. ಮಂಡಿಗೆ ಪಟ್ಟಿ ಬಿಗಿದು ಕೂತ ದೇವರು. ಪಂದಳದ ರಾಜನನ್ನು ಕಂಡು ಏಳಲು ಹೋದಾಗ ತಂದೆಯೇ ಉತ್ತರೀಯದಿಂದ ಮಂಡಿ ಕಟ್ಟಿದ ಎಂಬ ಕಥೆಯನ್ನೂ ಹೇಳುತ್ತಾರೆ. ಆ ಹುಡುಗ ಕಥೆ ಕೇಳಿರಲಿಲ್ಲ. ತನ್ನ ಹಾಗೆಯೇ ಕೂತವನೊಬ್ಬನನ್ನು ಕಂಡ, ಅಷ್ಟೆ. ತತ್ ತ್ವಮ್ ಅಸಿಗೆ ಇದಕ್ಕಿಂತ ನೇರವಾದ ಅರ್ಥ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ನಾವಿರುವ ಊರುಗಳಲ್ಲೇ ನೋಡಿ. ಅಹಮದಾಬಾದಿನ ವಸ್ತ್ರಾಪುರದಲ್ಲಿ ಅಂಧಜನ ಮಂಡಳ ಇದೆ. ಅದನ್ನು ಬೆಳೆಸಿದ ಜಗದೀಶಭಾಯಿ ಪಟೇಲರು ಸ್ವತಃ ದೃಷ್ಟಿ ಇಲ್ಲದವರು. ಮೆಹಸಾಣಾ ಜಿಲ್ಲೆಯ ಹಳ್ಳಿಯಿಂದ, ಒಂದು ವರ್ಷದ ಮಗುವಿದ್ದಾಗಲೇ ಪೋಲಿಯೊ ಆಗಿದ್ದ ಭಾವಿನಾ ಪಟೇಲ್ ಅಲ್ಲಿಗೆ ಕಂಪ್ಯೂಟರ್ ಕಲಿಯಲು ಬಂದರು. ಅಲ್ಲಿ ಟೇಬಲ್ ಟೆನಿಸ್ ಮೇಜಿತ್ತು, ಗಾಲಿಕುರ್ಚಿಯಲ್ಲಿ ಆಡುವವರಿದ್ದರು. 2021ರ ಆಗಸ್ಟಿನಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಬಂತು. ಪದಕ ಬಂದದ್ದರಿಂದ ಹೇಳುತ್ತಿಲ್ಲ, ಪದಕ ಬರದವರೇ ಸಾವಿರಾರು. ಅಲ್ಲಿ ಮೇಜು ಇತ್ತು, ಜಾಗ ಇತ್ತು ಎಂದು ಹೇಳುತ್ತಿದ್ದೇನೆ. ನಮ್ಮ ಗದಗಿನಲ್ಲೂ ಆದದ್ದು ಇದೇ. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಹುಡುಗನನ್ನು ಕರೆದು ಸಂಗೀತ ಕಲಿಸಿದರು, ಅವರು ಪಂಚಾಕ್ಷರಿ ಗವಾಯಿಗಳಾದರು. ಪಂಚಾಕ್ಷರಿ ಗವಾಯಿಗಳು ಪುಟ್ಟರಾಜರನ್ನು ಸಾಕಿದರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಮಕ್ಕಳು ಕಲಿತರೋ ಲೆಕ್ಕವಿಲ್ಲ. ಕಣ್ಣು ಬರಲಿ, ಆಮೇಲೆ ಕಲಿಸುತ್ತೇನೆ ಎಂದು ಅಲ್ಲಿ ಯಾರೂ ಕಾಯಲಿಲ್ಲ.

ಕಾನೂನು ಕೂಡ ಈಗ ನಿಮ್ಮ ಜೊತೆಗಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇತ್ತು. 2016ರ ಹಕ್ಕುಗಳ ಕಾಯ್ದೆಯಲ್ಲಿ 21. ಆಟಿಸಂ, ಓದು-ಬರಹದ ಕಲಿಕೆಯ ತೊಂದರೆ ಎಲ್ಲ ಸೇರಿವೆ. ಸಾರ್ವಜನಿಕ ಕಟ್ಟಡ ಎಂಬ ಅರ್ಥದೊಳಗೆ ಧಾರ್ಮಿಕ ಚಟುವಟಿಕೆಯ ಕಟ್ಟಡವೂ ಬರುತ್ತದೆ. ಆದ್ದರಿಂದ ಗುಡಿಗೆ ಇಳಿಜಾರು ದಾರಿ ಕೇಳುವುದು ಉಪಕಾರ ಕೇಳಿದ ಹಾಗಲ್ಲ. ಸನ್ನಿಧಾನದಲ್ಲೂ ಈಚಿನ ವರ್ಷಗಳಲ್ಲಿ ಮಕ್ಕಳು, ವಯಸ್ಸಾದವರು, ಅಂಗವಿಕಲರಿಗೆ ಬೇರೆ ಸಾಲು ಮಾಡಿದ್ದಾರೆ. ಹೊರಡುವ ಮೊದಲು ಆ ವರ್ಷದ ವ್ಯವಸ್ಥೆ ಕೇಳಿಕೊಳ್ಳಿ.

ತಾಯಂದಿರ ಬಗ್ಗೆ ಒಂದು ಮಾತು. ಅಪ್ಪ ಮಾಲೆ ಹಾಕಿದಾಗ ಮನೆಯ ಮಡಿ, ಅಡಿಗೆ, ಬೆಳಗಿನ ಕೆಲಸ ಎಲ್ಲ ಅಮ್ಮನ ತಲೆಗೆ ಬರುತ್ತದೆ. ಜೊತೆಗೆ ಆ ಮಗುವಿನ ಸ್ನಾನ, ಊಟ, ರಾತ್ರಿ ನಿದ್ದೆ. ಅವಳು ಮಾತ್ರ ಹನ್ನೆರಡು ತಿಂಗಳೂ ವ್ರತದಲ್ಲಿದ್ದಾಳೆ, ಯಾರೂ ಅವಳನ್ನು ಸ್ವಾಮಿ ಎನ್ನುವುದಿಲ್ಲ. ಮಾಲೆ ಹಾಕಿದ ಅಪ್ಪಂದಿರು ಈ 41 ದಿನ ಆ ಮಗುವಿನ ಒಂದು ಹೊತ್ತಿನ ಕೆಲಸ ತಾವೇ ಮಾಡಿ. ಅದನ್ನೂ ಪೂಜೆಯ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಈಗ ಕೆಲಸದ ಮಾತು. ಈ ಸಲ ಮೂರೂ ಊರುಗಳಲ್ಲಿ ಹೀಗೆ ಮಾಡುತ್ತಿದ್ದೇವೆ.

ಮಾಲೆ ಹಾಕಿಸುವ ಹುಡುಗನಿಗೆ ಒಂದು ವಾರ ಮೊದಲೇ ಮಾಲೆ ಕೈಗೆ ಕೊಡಿ. ಮುಟ್ಟಲಿ, ಎಣಿಸಲಿ, ಅಭ್ಯಾಸವಾಗಲಿ. ಹೊಸ ಕಪ್ಪು ಪಂಚೆ ಚುಚ್ಚುತ್ತದೆ, ನಾಲ್ಕು ಸಲ ಒಗೆದು ಮೆತ್ತಗೆ ಮಾಡಿ ಉಡಿಸಿ. ತಣ್ಣೀರು ಆಗದಿದ್ದರೆ ಬಿಸಿನೀರು. ಫಿಟ್ಸ್ ಮಾತ್ರೆ, ನಿದ್ದೆಯ ಮಾತ್ರೆ, ಯಾವುದನ್ನೂ ವ್ರತ ಎಂದು ನಿಲ್ಲಿಸಬೇಡಿ, ಹೊತ್ತು ತಪ್ಪಿಸಬೇಡಿ. ಅವನು ತಿನ್ನುವುದು ಎರಡೇ ಪದಾರ್ಥವಾದರೆ, ಸಾತ್ವಿಕವಾಗಿದ್ದರೆ ಆಯಿತು, ಅದನ್ನೇ ತಿನ್ನಲಿ.

ಇರುಮುಡಿ ಕಟ್ಟುವ ದಿನ ಇಂಥ ಸ್ವಾಮಿಗಳಿಗೆ ಬೆಳಗಿನ ಮೊದಲ ಹೊತ್ತು, ಜನ ಸೇರುವ ಮೊದಲು. ಶರಣು ಘೋಷ ಮೆಲ್ಲಗೆ. ಭಜನೆಯಲ್ಲಿ ಒಂದು ಕೋಣೆ ಸದ್ದಿಲ್ಲದೆ ಇರುತ್ತದೆ. ಅಲ್ಲಿ ಹೋಗಿ ಕೂತವರನ್ನು ಯಾಕೆ ಎಂದು ಕೇಳಬೇಡಿ. ಸದ್ದು ತಡೆಯುವ ಕಿವಿಮುಚ್ಚುಗ ಹಾಕಿಕೊಂಡವರನ್ನು ನೋಡಿ ನಗಬೇಡಿ. ಬೆಟ್ಟದಲ್ಲಿ ವೆಡಿವಳಿಪಾಡಿನ ಸಿಡಿತ ಕೇಳಿದವರಿಗೆ ಗೊತ್ತು, ಹೇಳದೆ ಕೇಳಿದರೆ ದೊಡ್ಡವರ ಎದೆಯೇ ಧಸಕ್ ಎನ್ನುತ್ತದೆ. ಮನೆಯಲ್ಲೇ ವಿಡಿಯೋ ತೋರಿಸಿ, ಪಂಪೆ, ಮೆಟ್ಟಿಲು, ಸಾಲು, ಗದ್ದಲ ಎಲ್ಲದರ ಚಿತ್ರ ಕ್ರಮವಾಗಿ ತೋರಿಸಿ ಕರೆತನ್ನಿ.

ರೈಲು ಅಹಮದಾಬಾದಿನಲ್ಲಿ ಹತ್ತುವವರಿಗೆ ಮೊದಲು, ಆಮೇಲೆ ವಡೋದರ, ಆಮೇಲೆ ಸೂರತ್. ಕೊಂಕಣದ ದಾರಿ ಉದ್ದ. ಹುಡುಗನಿಗೆ ಕಿಟಕಿ ಪಕ್ಕದ ಸೀಟು, ಎದುರಿಗೆ ಅವನಿಗೆ ಗುರುತಿರುವವರೇ ಇರಲಿ. ವಡೋದರದ ಕಿವಿ ಕೇಳದ ಸ್ವಾಮಿಗಳು ಪ್ರತಿ ಭಾನುವಾರ ಭಜನೆಗೆ ಅರ್ಧ ಗಂಟೆ ಮೊದಲು ಬಂದು ಸಂಜ್ಞೆಯಲ್ಲಿ ಹತ್ತು ಮಾತು ಕಲಿಸಲು ಒಪ್ಪಿದ್ದಾರೆ: ನೀರು, ಊಟ, ನಿಲ್ಲು, ಜಾಗ್ರತೆ, ಸುಸ್ತಾಯಿತೇ, ಸ್ವಾಮಿ ಶರಣಂ, ಇಂಥವು. ಕಳೆದ ಭಾನುವಾರ ಮೂರು ಜನ ಬಂದಿದ್ದರು. ಈ ಭಾನುವಾರ ಹೆಚ್ಚು ಜನ ಬನ್ನಿ. ಡೋಲಿಯ ಖರ್ಚಿಗೆ ಸೇರಿಸಬೇಕೆನ್ನುವವರು ಸೂರತ್ ಸ್ವಾಮಿಯ ಹತ್ತಿರ ಬರೆಸಿ. ಡೋಲಿ ತಮಗೆ ಬೇಡದಿದ್ದರೂ ಅದರ ಲೆಕ್ಕ ಇಡುವವರು ಅವರೇ.

ಸ್ವಾಮಿಯೇ ಶರಣಂ ಅಯ್ಯಪ್ಪ.